537 ಮತಗಳ ಲೆಕ್ಕ: ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಮೂರನೆಯವರು ಯಾರನ್ನು ಸೋಲಿಸುತ್ತಾರೆ?

ತುಂಗಾತೀರ:

ಕಳೆದ ಭಾನುವಾರ ಊಟದ ಹೊತ್ತಿನಲ್ಲಿ ತಮ್ಮನಿಗೂ ನನಗೂ ಶುರುವಾದ ವಾದ ಇನ್ನೂ ಇತ್ಯರ್ಥವಾಗಿಲ್ಲ. ಆದ್ದರಿಂದ ಬಲ್ಲವರ ಮುಂದೆ ಇಡುತ್ತಿದ್ದೇನೆ. 2000ನೇ ಇಸವಿಯ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲಾರಿಡಾ ರಾಜ್ಯವು ರಿಪಬ್ಲಿಕನ್ ಪಕ್ಷದ ಜಾರ್ಜ್ ಡಬ್ಲ್ಯೂ. ಬುಷ್ ಅವರ ಪಾಲಾದದ್ದು ಕೇವಲ 537 ಮತಗಳ ಅಂತರದಿಂದ. ಅದೇ ರಾಜ್ಯದಲ್ಲಿ ಗ್ರೀನ್ ಪಕ್ಷದ ರಾಲ್ಫ್ ನೇಡರ್ ಅವರಿಗೆ ಬಿದ್ದ ಮತಗಳು 97,488. ಇಡೀ ದೇಶದ ಲೆಕ್ಕದಲ್ಲಿ ಡೆಮಾಕ್ರಟಿಕ್ ಪಕ್ಷದ ಅಲ್ ಗೋರ್ ಅವರಿಗೆ ಬುಷ್ ಅವರಿಗಿಂತ ಐದು ಲಕ್ಷಕ್ಕೂ ಹೆಚ್ಚು ಮತಗಳು ಬಂದಿದ್ದರೂ, ಫ್ಲಾರಿಡಾದ 25 ಎಲೆಕ್ಟೋರಲ್ ಮತಗಳು ಕೈತಪ್ಪಿದ್ದರಿಂದ ಅವರು ಸೋತರು. (ಪ್ರತಿ ರಾಜ್ಯಕ್ಕೂ ಇಷ್ಟೆಂದು ಎಲೆಕ್ಟೋರಲ್ ಮತಗಳಿವೆ, ಬಹುತೇಕ ರಾಜ್ಯಗಳಲ್ಲಿ ಅಲ್ಲಿ ಗೆದ್ದವರಿಗೇ ಅವೆಲ್ಲ ಸೇರುತ್ತವೆ, ಅವುಗಳ ಬಹುಮತ ಪಡೆದವರೇ ಅಧ್ಯಕ್ಷರು.) ತಮ್ಮನ ಪಾಲಿಗೆ ಲೆಕ್ಕ ಇಲ್ಲಿಗೇ ಮುಗಿಯಿತು: ನೇಡರ್ ನಿಲ್ಲದೆ ಹೋಗಿದ್ದರೆ ಗೋರ್ ಅಧ್ಯಕ್ಷರಾಗುತ್ತಿದ್ದರು.

ನನ್ನ ಅನುಮಾನ ಬೇರೆ. ಗೆಲುವಿನ ಅಂತರಕ್ಕಿಂತ ಮೂರನೆಯವರ ಮತಗಳು ಹೆಚ್ಚಿದ್ದ ಮಾತ್ರಕ್ಕೆ ಸೋಲಿಸಿದವರು ಅವರೇ ಎಂದು ಹೇಳಬಹುದೇ? ನಮ್ಮ ಪತ್ರಿಕೆಗಳಲ್ಲಿಯೂ ಪ್ರತಿ ಫಲಿತಾಂಶದ ಮರುದಿನ ಇಂಥದ್ದೇ ಪಟ್ಟಿ ಬರುತ್ತದೆ. ಬಂಡಾಯ ಅಭ್ಯರ್ಥಿ ಇಷ್ಟು ಮತ ಕಿತ್ತರು, ಅಧಿಕೃತ ಅಭ್ಯರ್ಥಿ ಅಷ್ಟರಲ್ಲಿ ಸೋತರು ಎಂದು. ಆ ಮತಗಳು ಸೋತವರ ಮನೆಯ ಸೊತ್ತಾಗಿದ್ದವು ಎಂದು ಮೊದಲೇ ಬರೆದುಕೊಟ್ಟವರು ಯಾರು?

ಗಣಿತದ ಮೇಷ್ಟ್ರು:

ತುಂಗಾತೀರ ಅವರೇ, ನಿಮ್ಮ ಅನುಮಾನ ಸರಿಯಾಗಿದೆ, ಆದರೆ ಫ್ಲಾರಿಡಾದ ವಿಷಯದಲ್ಲಿ ಕೊನೆಗೆ ಗೆಲ್ಲುವವರು ನಿಮ್ಮ ತಮ್ಮನೇ ಎಂದು ನನಗನಿಸುತ್ತದೆ. ದಾರಿ ಮಾತ್ರ ಅವರು ಹಿಡಿದದ್ದಲ್ಲ.

ಮೊದಲು ಆ ದಾರಿಯ ದೋಷವನ್ನು ನೋಡೋಣ. ಫ್ಲಾರಿಡಾದ ಮತಪತ್ರದಲ್ಲಿ ಒಟ್ಟು ಹತ್ತು ಅಭ್ಯರ್ಥಿಗಳ ಹೆಸರುಗಳಿದ್ದವು. ಬುಷ್ ಮತ್ತು ಗೋರ್ ಅವರನ್ನು ಬಿಟ್ಟರೆ ಉಳಿದ ಎಂಟೂ ಮಂದಿಗೆ 537ಕ್ಕಿಂತ ಹೆಚ್ಚು ಮತಗಳು ಬಂದಿದ್ದವು. ಅತ್ಯಂತ ಕಡಿಮೆ ಪಡೆದ ಸೋಷಿಯಲಿಸ್ಟ್ ವರ್ಕರ್ಸ್ ಪಕ್ಷದ ಅಭ್ಯರ್ಥಿಗೂ 562 ಮತಗಳಿದ್ದವು. ಅಂತರಕ್ಕಿಂತ ಹೆಚ್ಚು ಮತ ಪಡೆದವರೆಲ್ಲ ಸೋಲಿಗೆ ಕಾರಣರು ಎಂದಾದರೆ ಆ ಎಂಟು ಮಂದಿಯೂ ಒಬ್ಬೊಬ್ಬರಾಗಿಯೇ ಗೋರ್ ಅವರನ್ನು ಸೋಲಿಸಿದರು ಎನ್ನಬೇಕಾಗುತ್ತದೆ. ಒಂದೇ ಕೊಲೆಗೆ ಎಂಟು ಮಂದಿ ಪ್ರತ್ಯೇಕವಾಗಿ ಪೂರ್ತಿ ಹೊಣೆ ಹೊತ್ತಂತೆ ಇದು.

ಇನ್ನು ಎಲ್ಲರೂ ಮರೆಯುವ ಮತ್ತೊಂದು ಮಗ್ಗುಲಿದೆ. ಅದೇ ಚುನಾವಣೆಯಲ್ಲಿ ರಿಫಾರ್ಮ್ ಪಕ್ಷದಿಂದ ನಿಂತ ಪ್ಯಾಟ್ ಬುಕಾನನ್ ಕಟ್ಟಾ ಸಂಪ್ರದಾಯವಾದಿ. ಅವರ ಮತದಾರರು ಬುಷ್ ಅವರಿಗೆ ಹತ್ತಿರದವರು. ನ್ಯೂ ಮೆಕ್ಸಿಕೋವನ್ನು ಗೋರ್ ಗೆದ್ದದ್ದು 366 ಮತಗಳಿಂದ. ಅಲ್ಲಿಯೂ, ಅಯೋವಾ, ವಿಸ್ಕಾನ್ಸಿನ್, ಆರೆಗಾನ್ ರಾಜ್ಯಗಳಲ್ಲಿಯೂ ಬುಕಾನನ್ ಅವರಿಗೆ ಗೋರ್ ಅವರ ಗೆಲುವಿನ ಅಂತರಕ್ಕಿಂತ ಹೆಚ್ಚು ಮತಗಳು ಬಿದ್ದವು. ಆ ನಾಲ್ಕು ರಾಜ್ಯಗಳ ಒಟ್ಟು ಎಲೆಕ್ಟೋರಲ್ ಮತಗಳು 30, ಅಂದರೆ ಫ್ಲಾರಿಡಾದ 25ಕ್ಕಿಂತ ಹೆಚ್ಚು. ಒಂದು ಕೈಯಲ್ಲಿ ನೇಡರ್ ಅವರನ್ನು ಅಳಿಸುವವರು ಇನ್ನೊಂದು ಕೈಯಲ್ಲಿ ಬುಕಾನನ್ ಅವರನ್ನೂ ಅಳಿಸಬೇಕಲ್ಲವೇ?

ಆದರೂ ಫ್ಲಾರಿಡಾದಲ್ಲಿ ನಿಮ್ಮ ತಮ್ಮ ಗೆಲ್ಲುತ್ತಾರೆ ಎಂದೆ. ಅಲ್ಲಿಯ ಮತಪತ್ರಗಳ ಚಿತ್ರಗಳನ್ನೇ ಒಂದೊಂದಾಗಿ ನೋಡಿ, ನೇಡರ್ ಅವರಿಗೆ ಮತ ಹಾಕಿದವರು ಅದೇ ಮತಪತ್ರದಲ್ಲಿದ್ದ ಕೆಳಗಿನ ಹುದ್ದೆಗಳಿಗೆ ಯಾವ ಪಕ್ಷವನ್ನು ಆರಿಸಿದ್ದಾರೆಂದು ಪರಿಶೀಲಿಸಿದ ಅಧ್ಯಯನವೊಂದಿದೆ. ಅವರಲ್ಲಿ ಗೋರ್ ಕಡೆಗೆ ಹೋಗಬಹುದಾಗಿದ್ದವರು ಸುಮಾರು ಶೇ. 60, ಬುಷ್ ಕಡೆಗೆ ಹೋಗಬಹುದಾಗಿದ್ದವರು ಸುಮಾರು ಶೇ. 40 ಎಂಬುದು ಅದರ ಅಂದಾಜು. ಪರಿಸರವಾದಿಗೆ ಮತ ಹಾಕಿದವರೆಲ್ಲ ಎಡಕ್ಕೇ ವಾಲಿದವರು ಎಂಬ ನಮ್ಮ ಊಹೆ ಇಲ್ಲಿಯೇ ಮುರಿದುಬೀಳುತ್ತದೆ. ಹಾಗಿದ್ದರೂ ನೂರು ಮಂದಿಗೆ ಇಪ್ಪತ್ತು ಮತಗಳ ಲಾಭ ಗೋರ್ ಅವರಿಗಿತ್ತು. 537ನ್ನು ದಾಟಲು ಆ 97,488 ಮಂದಿಯಲ್ಲಿ ಸುಮಾರು 2,700 ಮಂದಿ, ಅಂದರೆ ನೂರಕ್ಕೆ ಮೂವರಿಗಿಂತಲೂ ಕಡಿಮೆ, ಮತಗಟ್ಟೆಗೆ ಬಂದಿದ್ದರೆ ಸಾಕಿತ್ತು. ಉಳಿದ 97 ಮಂದಿ ಮನೆಯಲ್ಲಿ ಟಿ.ವಿ. ನೋಡುತ್ತಾ ಕುಳಿತಿದ್ದರೂ ಫಲಿತಾಂಶ ಬದಲಾಗುತ್ತಿತ್ತು.

ಗ್ರೇಟ್ ಲೇಕ್ಸ್ ಕನ್ನಡತಿ:

ನಾನು ಮಿಷಿಗನ್ ರಾಜ್ಯದ ಮತದಾರಳು. ಪೌರತ್ವ ಬಂದ ಮೇಲೆ ಮೊದಲ ಸಲ ಅಧ್ಯಕ್ಷೀಯ ಚುನಾವಣೆಯಲ್ಲಿ ಮತ ಹಾಕಿದ್ದು 2016ರಲ್ಲಿ. ಆ ವರ್ಷ ನಮ್ಮ ರಾಜ್ಯವನ್ನು ಡೊನಾಲ್ಡ್ ಟ್ರಂಪ್ 10,704 ಮತಗಳಿಂದ ಗೆದ್ದರು. ಗ್ರೀನ್ ಪಕ್ಷದ ಜಿಲ್ ಸ್ಟೈನ್ ಅವರಿಗೆ 51,463 ಮತಗಳು, ಲಿಬರ್ಟೇರಿಯನ್ ಪಕ್ಷದ ಗ್ಯಾರಿ ಜಾನ್ಸನ್ ಅವರಿಗೆ 1,72,136 ಮತಗಳು ಬಂದವು. ಮರುದಿನದಿಂದ ಎಲ್ಲರ ಬಾಯಲ್ಲಿದ್ದ ಹೆಸರು ಸ್ಟೈನ್. ಅವರ ಮೂರು ಪಟ್ಟಿಗಿಂತ ಹೆಚ್ಚು ಮತ ಪಡೆದಿದ್ದ ಜಾನ್ಸನ್ ಅವರ ಸುದ್ದಿಯನ್ನು ಎತ್ತಿದವರು ಕಡಿಮೆ. ಅವರು ನ್ಯೂ ಮೆಕ್ಸಿಕೋದಲ್ಲಿ ಟ್ರಂಪ್ ಅವರದೇ ರಿಪಬ್ಲಿಕನ್ ಪಕ್ಷದಿಂದ ರಾಜ್ಯಪಾಲರಾಗಿದ್ದವರು. (ಇಲ್ಲಿ ರಾಜ್ಯಪಾಲರೆಂದರೆ ನಮ್ಮ ರಾಜಭವನದವರಂತಲ್ಲ, ಜನರಿಂದ ಆಯ್ಕೆಯಾಗಿ ಆಡಳಿತ ನಡೆಸುವವರು.) ಸ್ಟೈನ್ ಅವರನ್ನು ಮಾತ್ರ ಅಳಿಸಿ ಜಾನ್ಸನ್ ಅವರನ್ನು ಹಾಗೆಯೇ ಬಿಟ್ಟರೆ ಹಿಲರಿ ಕ್ಲಿಂಟನ್ ಗೆಲ್ಲಬಹುದು, ಇಬ್ಬರನ್ನೂ ಅಳಿಸಿದರೆ ಏನಾಗುತ್ತಿತ್ತೆಂದು ಖಚಿತವಾಗಿ ಹೇಳುವುದು ಕಷ್ಟ.

ಮೇಷ್ಟ್ರು ಹೇಳಿದ ‘ಮನೆಯಲ್ಲಿ ಕುಳಿತವರು’ ಕಾಲ್ಪನಿಕ ವ್ಯಕ್ತಿಗಳಲ್ಲ. ನಮ್ಮ ಬೀದಿಯಲ್ಲಿ ಸ್ಟೈನ್ ಅವರಿಗೆ ಮತ ಹಾಕಿದ ನರ್ಸ್ ಒಬ್ಬರಿದ್ದಾರೆ. ನೀವೇ ಸೋಲಿಸಿದಿರಿ ಎಂದು ಪರಿಚಯದವರು ಅವರನ್ನು ದೂರಿದಾಗ ಅವರು ಕೊಟ್ಟ ಉತ್ತರ ನನಗೆ ನೆನಪಿದೆ: ಇಬ್ಬರೇ ಇದ್ದಿದ್ದರೆ ನಾನು ಆ ದಿನ ರಜೆಯನ್ನೇ ಹಾಕುತ್ತಿರಲಿಲ್ಲ ಎಂದರು. ಇಲ್ಲಿ ಮತದಾನ ನಡೆಯುವುದು ಮಂಗಳವಾರ, ಕೆಲಸದ ದಿನ.

ಬಯಲುಸೀಮೆಯವನು:

ನಮಗೆ ಅರ್ಥವಾಗುವ ಉದಾಹರಣೆ ಮನೆಯಲ್ಲೇ ಇದೆ. 2013ರ ವಿಧಾನಸಭಾ ಚುನಾವಣೆಯಲ್ಲಿ ಯಡಿಯೂರಪ್ಪನವರು ಕೆಜೆಪಿ ಕಟ್ಟಿಕೊಂಡು ಹೊರನಡೆದಾಗ ಅವರು ಗೆದ್ದದ್ದು ಆರು ಸ್ಥಾನಗಳನ್ನು ಮಾತ್ರ, ಆದರೆ ಬಿಜೆಪಿ 40ಕ್ಕೆ ಕುಸಿಯಿತು, ಕಾಂಗ್ರೆಸ್ 122 ಸ್ಥಾನಗಳೊಂದಿಗೆ ಅಧಿಕಾರಕ್ಕೆ ಬಂತು. ಮೂರನೆಯವರು ಗೆಲ್ಲುವುದಿಲ್ಲ, ಯಾರು ಗೆಲ್ಲಬೇಕೆಂಬುದನ್ನು ಮಾತ್ರ ತೀರ್ಮಾನಿಸುತ್ತಾರೆ ಎಂಬ ಮಾತಿಗೆ ಇದಕ್ಕಿಂತ ಪುರಾವೆ ಬೇಕೇ?

ಹಳೆಯ ಸುದ್ದಿಮನೆ:

ಬಯಲುಸೀಮೆಯವರೇ, ನಿಮ್ಮ ಉದಾಹರಣೆ ಸರಿ, ಆದರೆ ಅದು ನೇಡರ್ ಅವರ ಜಾತಿಗೆ ಸೇರಿದ್ದಲ್ಲ. ಒಂದೇ ಮನೆ ಎರಡಾದಾಗ ಆಗುವ ನಷ್ಟ ಬೇರೆ, ಎರಡು ಮನೆಗಳ ಆಚೆ ಮೂರನೆಯ ಗುಡಿಸಲು ಎದ್ದಾಗ ಆಗುವ ನಷ್ಟ ಬೇರೆ. ಅಮೆರಿಕದ ಇತಿಹಾಸದಲ್ಲಿ ಎರಡೂ ಬಗೆಗಳಿವೆ. ಅವನ್ನು ಒಂದೇ ತಕ್ಕಡಿಯಲ್ಲಿ ತೂಗುವುದರಿಂದಲೇ ಈ ಚರ್ಚೆ ಯಾವಾಗಲೂ ಗೊಂದಲವಾಗುತ್ತದೆ.

ಮನೆ ಒಡೆದ ಉದಾಹರಣೆ 1912ರದು. ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರು ತಾವೇ ಉತ್ತರಾಧಿಕಾರಿಯಾಗಿ ಆರಿಸಿದ್ದ ವಿಲಿಯಂ ಟಾಫ್ಟ್ ಅವರೊಂದಿಗೆ ಮುನಿಸಿಕೊಂಡು, ಷಿಕಾಗೋದ ಅಧಿವೇಶನದಲ್ಲಿ ರಿಪಬ್ಲಿಕನ್ ಟಿಕೆಟ್ ಸಿಗದೆ ಹೋದಾಗ ಪ್ರೋಗ್ರೆಸ್ಸಿವ್ ಪಕ್ಷವನ್ನು ಕಟ್ಟಿ ನಿಂತರು. ಅಕ್ಟೋಬರ್ 14ರಂದು ಮಿಲ್ವಾಕಿಯಲ್ಲಿ ಎದೆಗೆ ಗುಂಡು ಬಿದ್ದರೂ ಭಾಷಣ ಮುಗಿಸಿಯೇ ಆಸ್ಪತ್ರೆಗೆ ಹೋದರು. ಫಲಿತಾಂಶದಲ್ಲಿ ರೂಸ್‌ವೆಲ್ಟ್ ಅವರಿಗೆ ಶೇ. 27.4, ಟಾಫ್ಟ್ ಅವರಿಗೆ ಶೇ. 23.2, ಇಬ್ಬರನ್ನೂ ಕೂಡಿಸಿದರೆ ಅರ್ಧಕ್ಕಿಂತ ಹೆಚ್ಚು. ಗೆದ್ದವರು ಶೇ. 41.8 ಪಡೆದ ಡೆಮಾಕ್ರಟ್ ವುಡ್ರೊ ವಿಲ್ಸನ್, ಅದೂ 531ರಲ್ಲಿ 435 ಎಲೆಕ್ಟೋರಲ್ ಮತಗಳೊಂದಿಗೆ. ನಾಲ್ಕು ವರ್ಷಗಳ ಹಿಂದೆ ಅದೇ ಪಕ್ಷದಿಂದ ನಿಂತು ಸೋತಿದ್ದ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಅವರಿಗಿಂತಲೂ ವಿಲ್ಸನ್ ಅವರಿಗೆ ಕಡಿಮೆ ಮತಗಳು ಬಂದಿದ್ದವು. ಹಾಲಿ ಅಧ್ಯಕ್ಷರಾಗಿದ್ದ ಟಾಫ್ಟ್ ಅವರಿಗೆ ದಕ್ಕಿದ್ದು ಯೂಟಾ ಮತ್ತು ವರ್ಮಾಂಟ್ ಎಂಬ ಎರಡೇ ರಾಜ್ಯಗಳು. ಆದ್ದರಿಂದ ಇಲ್ಲಿ ‘ಮೂರನೆಯವರು’ ಯಾರೆಂಬ ಪ್ರಶ್ನೆಗೆ ಮತಗಳ ಪ್ರಕಾರ ಉತ್ತರ ಟಾಫ್ಟ್!

ಎರಡನೆಯ ಬಗೆಗೆ 1844 ಸಾಕ್ಷಿ. ಗುಲಾಮಗಿರಿಯ ನಿರ್ಮೂಲನೆಗೆಂದೇ ಹುಟ್ಟಿದ ಲಿಬರ್ಟಿ ಪಕ್ಷದ ಜೇಮ್ಸ್ ಬರ್ನಿ ಅವರಿಗೆ ನ್ಯೂಯಾರ್ಕ್ ರಾಜ್ಯದಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಮತಗಳು ಬಂದವು. ಅಲ್ಲಿ ವಿಗ್ ಪಕ್ಷದ ಅಭ್ಯರ್ಥಿ ಹೆನ್ರಿ ಕ್ಲೇ ಸೋತದ್ದು ಸುಮಾರು ಐದು ಸಾವಿರದಿಂದ. ನ್ಯೂಯಾರ್ಕಿನ 36 ಎಲೆಕ್ಟೋರಲ್ ಮತಗಳು ಸಿಕ್ಕಿದ್ದರೆ ಕ್ಲೇ ಅಧ್ಯಕ್ಷರು. ಸಿಗಲಿಲ್ಲ, ಟೆಕ್ಸಾಸ್ ಸೇರ್ಪಡೆಯ ಪರವಾಗಿದ್ದ ಜೇಮ್ಸ್ ಪೋಕ್ ಅಧ್ಯಕ್ಷರಾದರು, ಟೆಕ್ಸಾಸ್ ಗುಲಾಮಗಿರಿಯ ರಾಜ್ಯವಾಗಿ ಒಕ್ಕೂಟಕ್ಕೆ ಸೇರಿತು, ಮೆಕ್ಸಿಕೋದೊಂದಿಗೆ ಯುದ್ಧವೂ ಆಯಿತು. ಬರ್ನಿ ಅವರಿಗೆ ಮತ ಹಾಕಿದವರು ಬಯಸಿದ್ದಕ್ಕೆ ನೇರ ವಿರುದ್ಧವಾದದ್ದು ಇದು. ಕ್ಲೇ ಅವರೂ ಗುಲಾಮರನ್ನು ಇಟ್ಟುಕೊಂಡಿದ್ದವರೇ ಎಂಬುದನ್ನು ಮರೆತರೆ ಮಾತ್ರ ಆ ಮತದಾರರನ್ನು ಸುಲಭವಾಗಿ ದೂಷಿಸಬಹುದು.

ಇವೆರಡರ ನಡುವೆ 1860 ಇದೆ. ನಾಲ್ಕು ಮಂದಿ ಸ್ಪರ್ಧಿಸಿ ಅಬ್ರಹಾಂ ಲಿಂಕನ್ ಶೇ. 40ರಷ್ಟೂ ಮತ ಪಡೆಯದೆ ಗೆದ್ದದ್ದನ್ನು ಎಲ್ಲರೂ ‘ಮತ ವಿಭಜನೆಯ ಫಲ’ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ: ಉಳಿದ ಮೂವರ ಮತಗಳನ್ನು ಎಲ್ಲ ರಾಜ್ಯಗಳಲ್ಲಿ ಒಂದುಗೂಡಿಸಿದರೂ ಲಿಂಕನ್ ಕಳೆದುಕೊಳ್ಳುವುದು ಕ್ಯಾಲಿಫೋರ್ನಿಯದ ನಾಲ್ಕು, ಆರೆಗಾನಿನ ಮೂರು ಮತ್ತು ನ್ಯೂಜೆರ್ಸಿಯ ನಾಲ್ಕು ಎಲೆಕ್ಟೋರಲ್ ಮತಗಳು, ಅಷ್ಟೇ. 180 ಎಂಬುದು 169ಕ್ಕೆ ಇಳಿಯುತ್ತಿತ್ತು, ಬೇಕಾಗಿದ್ದದ್ದು 152. ಅವರು ತಮ್ಮ ರಾಜ್ಯಗಳಲ್ಲಿ ಬಹುಮಟ್ಟಿಗೆ ಅರ್ಧಕ್ಕಿಂತ ಹೆಚ್ಚು ಮತಗಳನ್ನೇ ಪಡೆದಿದ್ದರು.

ತುಂಗಾತೀರ:

ಹಾಗಾದರೆ ಎಷ್ಟು ಮತ ಬಂತು ಎನ್ನುವುದಕ್ಕಿಂತ ಎಲ್ಲಿ ಬಂತು ಎನ್ನುವುದೇ ಮುಖ್ಯವೆಂದಾಯಿತು. ರಾಸ್ ಪೆರೋ ಅವರ ವಿಷಯವೇನು? 1992ರಲ್ಲಿ ಹಿರಿಯ ಬುಷ್ ಸೋತದ್ದು ಅವರಿಂದಲೇ ಎಂದು ರಿಪಬ್ಲಿಕನ್ನರು ಇಂದಿಗೂ ಹೇಳುವುದನ್ನು ಕೇಳಿದ್ದೇನೆ.

ಹಳೆಯ ಸುದ್ದಿಮನೆ:

ಎಲ್ಲಿ ಬಂತು ಎನ್ನುವುದಕ್ಕೆ 1948ರಷ್ಟು ಚೊಕ್ಕ ಉದಾಹರಣೆ ಇನ್ನೊಂದಿಲ್ಲ. ವರ್ಣಭೇದದ ಪರವಾಗಿ ದಕ್ಷಿಣದಲ್ಲಿ ಬಂಡೆದ್ದ ಸ್ಟ್ರಾಮ್ ಥರ್ಮಂಡ್ ಮತ್ತು ಎಡಪಂಥದಿಂದ ನಿಂತ ಹೆನ್ರಿ ವ್ಯಾಲೇಸ್, ಇಬ್ಬರಿಗೂ ದೇಶದಲ್ಲಿ ಶೇ. 2.4ರಷ್ಟು ಮತಗಳು, ಇಬ್ಬರಿಗೂ ಹನ್ನೊಂದು ಲಕ್ಷದ ಮೇಲೆ ಚಿಲ್ಲರೆ. ಥರ್ಮಂಡ್ ಅವರಿಗೆ 39 ಎಲೆಕ್ಟೋರಲ್ ಮತಗಳು ಸಿಕ್ಕವು, ವ್ಯಾಲೇಸ್ ಅವರಿಗೆ ಸೊನ್ನೆ. ಒಬ್ಬರ ಮತಗಳು ನಾಲ್ಕು ರಾಜ್ಯಗಳಲ್ಲಿ ಗುಡ್ಡೆಯಾಗಿ ಬಿದ್ದಿದ್ದವು, ಇನ್ನೊಬ್ಬರವು ಯಾವ ರಾಜ್ಯವನ್ನೂ ಗೆಲ್ಲಲಾಗದಂತೆ ಚೆಲ್ಲಿಹೋಗಿದ್ದವು.

ಪೆರೋ ಅವರದು ಚೆಲ್ಲಿಹೋದ ಕಥೆಯೇ, ಆದರೆ ದೊಡ್ಡ ಪ್ರಮಾಣದಲ್ಲಿ. ಟೆಕ್ಸಾಸಿನ ಈ ಶ್ರೀಮಂತ ಉದ್ಯಮಿ ಜುಲೈನಲ್ಲಿ ಕಣದಿಂದ ಹಿಂದೆ ಸರಿದು ಅಕ್ಟೋಬರ್ ಮೊದಲ ದಿನ ಮರಳಿ ಬಂದರು, ಟಿ.ವಿ.ಯಲ್ಲಿ ಅರ್ಧ ಗಂಟೆಯ ಸಮಯವನ್ನು ಕೊಂಡು ಕಡ್ಡಿ ಹಿಡಿದು ನಕ್ಷೆ ತೋರಿಸುತ್ತಾ ಸರ್ಕಾರದ ವಿತ್ತೀಯ ಕೊರತೆಯ ಪಾಠ ಮಾಡಿದರು. ಮೂರು ಚರ್ಚೆಗಳಲ್ಲಿಯೂ ವೇದಿಕೆ ಹಂಚಿಕೊಂಡರು. ಸುಮಾರು 1.97 ಕೋಟಿ ಮತಗಳು, ಶೇ. 18.9, ಎಲೆಕ್ಟೋರಲ್ ಮತ ಒಂದೂ ಇಲ್ಲ. ಮತಗಟ್ಟೆ ಸಮೀಕ್ಷೆಯಲ್ಲಿ ಅವರ ಮತದಾರರನ್ನು ಎರಡನೆಯ ಆಯ್ಕೆ ಯಾವುದೆಂದು ಕೇಳಿದಾಗ ಆ ಚುನಾವಣೆ ಗೆದ್ದ ಬಿಲ್ ಕ್ಲಿಂಟನ್ ಮತ್ತು ಬುಷ್ ನಡುವೆ ಅವರು ಹೆಚ್ಚುಕಡಿಮೆ ಸಮನಾಗಿ ಹಂಚಿಹೋದರು. ಆದ್ದರಿಂದ ಪೆರೋ ಬುಷ್ ಅವರ ಮತ ಕಿತ್ತರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೇರೆ ಬಗೆಯ ಹಾನಿ ಮಾಡಿರಬಹುದು: ಹಾಲಿ ಅಧ್ಯಕ್ಷರನ್ನು ತಿಂಗಳುಗಟ್ಟಲೆ ಎರಡು ದಿಕ್ಕುಗಳಿಂದ ಟೀಕಿಸಿದರೆ ಅವರ ವರ್ಚಸ್ಸು ಎಷ್ಟು ಕರಗುತ್ತದೆ ಎಂಬುದನ್ನು ಯಾವ ಸಮೀಕ್ಷೆಯೂ ಅಳೆಯಲಾರದು. ನನ್ನ ದೃಷ್ಟಿಯಲ್ಲಿ ಅವರ ನಿಜವಾದ ಪರಿಣಾಮ ಚುನಾವಣೆಯ ಆಚೆಗಿದೆ. ಕೊರತೆ ತಗ್ಗಿಸುವುದು ಎರಡೂ ದೊಡ್ಡ ಪಕ್ಷಗಳ ಮಂತ್ರವಾಯಿತು. ಆ ಎರಡು ಕೋಟಿ ಜನರನ್ನು ಒಲಿಸಿಕೊಳ್ಳದೆ ಮುಂದಿನ ಚುನಾವಣೆ ಗೆಲ್ಲಲಾಗದೆಂಬುದು ಇಬ್ಬರಿಗೂ ಗೊತ್ತಿತ್ತು.

ದೊಡ್ಡ ಪಕ್ಷಗಳು ಮತ್ತೊಂದು ಪಾಠವನ್ನೂ ಕಲಿತವು. ಅಧ್ಯಕ್ಷೀಯ ಚರ್ಚೆಗಳನ್ನು ನಡೆಸುತ್ತಿದ್ದ ಆಯೋಗವು 2000ದಿಂದ, ರಾಷ್ಟ್ರಮಟ್ಟದ ಸಮೀಕ್ಷೆಗಳಲ್ಲಿ ಶೇ. 15 ಬೆಂಬಲವಿದ್ದವರಿಗೆ ಮಾತ್ರ ವೇದಿಕೆ ಎಂಬ ನಿಯಮ ತಂದಿತು. ಪೆರೋ ಅವರ ನಂತರ ಇಂದಿನವರೆಗೆ ಯಾವ ಮೂರನೆಯ ಅಭ್ಯರ್ಥಿಯೂ ಆ ವೇದಿಕೆ ಹತ್ತಿಲ್ಲ.

ಬಯಲುಸೀಮೆಯವನು:

ಗೆಲ್ಲುವುದಿಲ್ಲವೆಂದು ಗೊತ್ತಿದ್ದೂ ನೇಡರ್ ಅಂಥವರು ಕೊನೆಯವರೆಗೆ ಏಕೆ ನಿಲ್ಲುತ್ತಾರೆ? ನಮ್ಮಲ್ಲಾದರೆ ನಾಮಪತ್ರ ವಾಪಸಾತಿಯ ಕೊನೆಯ ದಿನ ಮಾತುಕತೆ ನಡೆದು ಏನಾದರೊಂದು ಒಪ್ಪಂದವಾಗುತ್ತದೆ.

ಗ್ರೇಟ್ ಲೇಕ್ಸ್ ಕನ್ನಡತಿ:

ಅದಕ್ಕೊಂದು ಲೌಕಿಕ ಕಾರಣವೂ ಇದೆ. ದೇಶದಾದ್ಯಂತ ಶೇ. 5 ಮತ ದಾಟಿದರೆ ಆ ಪಕ್ಷಕ್ಕೆ ಮುಂದಿನ ಚುನಾವಣೆಯಲ್ಲಿ ಸರ್ಕಾರದ ಪ್ರಚಾರ ನಿಧಿಯಿಂದ ಪಾಲು ಸಿಗುತ್ತದೆ. ಪೆರೋ 1996ರಲ್ಲಿ ಶೇ. 8.4 ಗಳಿಸಿದ್ದರಿಂದಲೇ 2000ದಲ್ಲಿ ಬುಕಾನನ್ ಅವರಿಗೆ ಸುಮಾರು 1.26 ಕೋಟಿ ಡಾಲರ್ ಸಿಕ್ಕಿತು. ನೇಡರ್ ಗುರಿಯೂ ಅದೇ ಶೇ. 5 ಆಗಿತ್ತು, ಬಂದದ್ದು ಶೇ. 2.74. ಆ ವರ್ಷ ಪೈಪೋಟಿಯಿಲ್ಲದ ರಾಜ್ಯದಲ್ಲಿರುವ ಗೋರ್ ಬೆಂಬಲಿಗರು ನೇಡರ್ ಅವರಿಗೂ, ಪೈಪೋಟಿಯಿರುವ ರಾಜ್ಯದಲ್ಲಿರುವ ನೇಡರ್ ಬೆಂಬಲಿಗರು ಗೋರ್ ಅವರಿಗೂ ಮತ ಹಾಕುವಂತೆ ಪರಸ್ಪರ ಮಾತು ಕೊಡಿಸುವ ಜಾಲತಾಣಗಳೂ ಹುಟ್ಟಿಕೊಂಡಿದ್ದವು.

ವಾಪಸಾತಿಯ ಒಪ್ಪಂದ ಇಲ್ಲಿ ಆಗುವುದೇ ಇಲ್ಲವೆಂದಲ್ಲ. 2024ರ ಆಗಸ್ಟ್ 23ರಂದು ಪಕ್ಷೇತರರಾಗಿ ನಿಂತಿದ್ದ ರಾಬರ್ಟ್ ಕೆನಡಿ ಜೂನಿಯರ್ ತಮ್ಮ ಪ್ರಚಾರವನ್ನು ನಿಲ್ಲಿಸಿ ಟ್ರಂಪ್ ಅವರನ್ನು ಬೆಂಬಲಿಸಿದರು. ಮುಂದೆ ಅದೇ ಸರ್ಕಾರದಲ್ಲಿ ಆರೋಗ್ಯ ಇಲಾಖೆಯ ಹೊಣೆ ಹೊತ್ತರು. ಆದರೆ ವಾಪಸಾತಿ ಸುಲಭವಲ್ಲ, ಏಕೆಂದರೆ ಐವತ್ತು ರಾಜ್ಯಗಳಿಗೆ ಐವತ್ತು ನಿಯಮಗಳು. ನಮ್ಮ ಮಿಷಿಗನ್ನಿನ ಮತಪತ್ರದಲ್ಲಿ ಅವರ ಹೆಸರು ಹಾಗೆಯೇ ಉಳಿಯಿತು. ಅದೇ ಚುನಾವಣೆಯಲ್ಲಿ ಗಾಜಾ ಯುದ್ಧದ ಬಗ್ಗೆ ಸಿಟ್ಟಾಗಿದ್ದ ಡಿಯರ್‌ಬಾರ್ನ್ ನಗರದ ಅರಬ್ ಮೂಲದ ಮತದಾರರಲ್ಲಿ ಅನೇಕರು ಸ್ಟೈನ್ ಅವರತ್ತ ಹೋದರು. ಟ್ರಂಪ್ ಅವರ ಅಂತರ ಸುಮಾರು 80,000 ಇದ್ದುದರಿಂದ, ರಾಜ್ಯದಲ್ಲಿ ಸ್ಟೈನ್ ಪಡೆದ ಎಲ್ಲ ಮತಗಳನ್ನು ಕಮಲಾ ಹ್ಯಾರಿಸ್ ಅವರಿಗೆ ಸೇರಿಸಿದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. 2016ರಲ್ಲಿ ಸ್ಟೈನ್ ಅವರನ್ನು ದೂರಿದವರು ಈ ಸಲವೂ ಲೆಕ್ಕ ನೋಡುವ ಮೊದಲೇ ದೂರಲು ಶುರು ಮಾಡಿದ್ದರು!

ಗಣಿತದ ಮೇಷ್ಟ್ರು:

ಮೂರನೆಯವರ ಮತ ವ್ಯರ್ಥವಾಗದಂತೆ ಎಣಿಸುವ ಪದ್ಧತಿ ನಮ್ಮ ದೇಶದ ರಾಷ್ಟ್ರಪತಿ ಚುನಾವಣೆಯಲ್ಲೇ ಇದೆ ಎಂಬುದನ್ನು ಯಾರೂ ಹೇಳಲಿಲ್ಲವಲ್ಲ. ಅದರಲ್ಲಿ ಬೆಂಗಳೂರಿಗೂ ಒಂದು ಪಾತ್ರವಿದೆ. 1969ರ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎಸ್. ನಿಜಲಿಂಗಪ್ಪನವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗಲೇ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯನ್ನಾಗಿ ಆರಿಸಲಾಯಿತು. ಅದನ್ನು ಒಪ್ಪದ ಇಂದಿರಾ ಗಾಂಧಿಯವರು ಆತ್ಮಸಾಕ್ಷಿಯ ಮತಕ್ಕೆ ಕರೆ ಕೊಟ್ಟರು. ಪಕ್ಷೇತರರಾಗಿ ನಿಂತ ವಿ.ವಿ. ಗಿರಿಯವರು (ಕೆಲ ವರ್ಷಗಳ ಹಿಂದೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು) ಅದರ ಫಲಾನುಭವಿ. ಮೂರನೆಯವರಾಗಿ ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ಬೆಂಬಲದ ಸಿ.ಡಿ. ದೇಶಮುಖ್ ಇದ್ದರು.

ಈ ಚುನಾವಣೆಯಲ್ಲಿ ಮತದಾರರಾದ ಸಂಸದರು, ಶಾಸಕರು ಅಭ್ಯರ್ಥಿಗಳನ್ನು 1, 2, 3 ಎಂದು ಪ್ರಾಶಸ್ತ್ಯದ ಕ್ರಮದಲ್ಲಿ ಗುರುತಿಸುತ್ತಾರೆ, ಅವರ ಒಂದೊಂದು ಮತಕ್ಕೂ ಗೊತ್ತುಪಡಿಸಿದ ಮೌಲ್ಯವಿರುತ್ತದೆ. ಪ್ರಥಮ ಪ್ರಾಶಸ್ತ್ಯದ ಮತಗಳ ಮೌಲ್ಯ ಹೀಗಿತ್ತು: ಗಿರಿ 4,01,515, ರೆಡ್ಡಿ 3,13,548, ದೇಶಮುಖ್ 1,12,769. ಗೆಲ್ಲಲು 4,18,169 ಬೇಕಿತ್ತು. ಅಮೆರಿಕದ ರಾಜ್ಯಗಳಲ್ಲಿ ಎಣಿಸುವಂತೆ ಎಣಿಸಿದ್ದರೆ ಇಲ್ಲಿಗೇ ಗಿರಿಯವರು ಸುಮಾರು 88,000ದಷ್ಟು ಅಂತರದಿಂದ ಗೆದ್ದುಬಿಡುತ್ತಿದ್ದರು, ದೇಶಮುಖ್ ಮತಗಳು ಕಸದಬುಟ್ಟಿಗೆ. ಆದರೆ ನಮ್ಮಲ್ಲಿ ಕೆಳಗಿನವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು ಅವರ ದ್ವಿತೀಯ ಪ್ರಾಶಸ್ತ್ಯಗಳನ್ನು ಹಂಚಿದಾಗ ಬಹುಪಾಲು ರೆಡ್ಡಿಯವರಿಗೆ ಹೋಯಿತು. ಕೊನೆಯ ಲೆಕ್ಕ: ಗಿರಿ 4,20,077, ರೆಡ್ಡಿ 4,05,427. ಗಿರಿಯವರೇ ಗೆದ್ದರು, ಆದರೆ ಅಂತರ 14,650ಕ್ಕೆ ಇಳಿಯಿತು. ದೇಶಮುಖ್ ಯಾರ ಮತ ಕಿತ್ತರು ಎಂದು ಊಹಿಸುವ ಅಗತ್ಯವೇ ಬರಲಿಲ್ಲ. ಮತದಾರರೇ ಮತಪತ್ರದ ಮೇಲೆ ಬರೆದುಕೊಟ್ಟಿದ್ದರು. ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದಲ್ಲಿ ಮತ ಹಾಕಿದ ನನ್ನಂಥವರಿಗೆ ಈ ಪದ್ಧತಿ ಹೊಸದಲ್ಲ, ಅದರ ಎಣಿಕೆ ಮರುದಿನದವರೆಗೆ ಎಳೆಯುವುದೂ ಹೊಸದಲ್ಲ.

ಹಳೆಯ ಸುದ್ದಿಮನೆ:

ಮೇಷ್ಟ್ರೇ, ಮೇನ್ ರಾಜ್ಯವು 2020ರಿಂದ, ಅಲಾಸ್ಕ 2024ರಲ್ಲಿ ಅಧ್ಯಕ್ಷೀಯ ಚುನಾವಣೆಗೆ ಪ್ರಾಶಸ್ತ್ಯದ ಮತವನ್ನು ಬಳಸಿವೆ. ಆದರೆ ಇದು ಗುಡ್ಡೆಯಾಗಿ ಮತ ಪಡೆಯುವವರ ಸಮಸ್ಯೆಯನ್ನು ಬಗೆಹರಿಸುವುದಿಲ್ಲ. 1968ರಲ್ಲಿ ಜಾರ್ಜ್ ವ್ಯಾಲೇಸ್ (ಮೇಲೆ ಹೇಳಿದ ಹೆನ್ರಿ ಅಲ್ಲ, ಬೇರೆಯವರು) ದಕ್ಷಿಣದ ಐದು ರಾಜ್ಯಗಳನ್ನು ಗೆದ್ದು 46 ಎಲೆಕ್ಟೋರಲ್ ಮತಗಳನ್ನು ಪಡೆದರು. ಬಹುಮತಕ್ಕೆ ಬೇಕಾದ 270 ಯಾರಿಗೂ ಸಿಗದಂತೆ ಮಾಡಿ, ವರ್ಣಭೇದ ನೀತಿಯ ಬಗ್ಗೆ ಚೌಕಾಸಿ ಮಾಡುವುದು ಅವರ ಲೆಕ್ಕಾಚಾರವಾಗಿತ್ತು. ಯಾರಿಗೂ ಬಹುಮತ ಬಾರದಿದ್ದರೆ ಆಯ್ಕೆ ಪ್ರತಿನಿಧಿ ಸಭೆಗೆ ಹೋಗುತ್ತದೆ. ಅಲ್ಲಿ ರಾಜ್ಯಕ್ಕೊಂದು ಮತ: ಜನಸಂಖ್ಯೆಯಲ್ಲಿ ದೊಡ್ಡದಾದ ಕ್ಯಾಲಿಫೋರ್ನಿಯಕ್ಕೂ ಒಂದೇ ಮತ, ತೀರಾ ಚಿಕ್ಕದಾದ ವಯೋಮಿಂಗಿಗೂ ಒಂದೇ ಮತ. ರಿಚರ್ಡ್ ನಿಕ್ಸನ್ ಅವರಿಗೆ 301 ಬಂದದ್ದರಿಂದ ಅಂದು ಆ ಪ್ರಸಂಗ ಬರಲಿಲ್ಲ.

ತುಂಗಾತೀರ:

ಎಲ್ಲರಿಗೂ ವಂದನೆಗಳು. ಮೇಷ್ಟ್ರ ಮೊದಲ ಉತ್ತರವನ್ನು ತಮ್ಮನಿಗೆ ಓದಿಹೇಳಿದೆ. ಗೆದ್ದೆನೆಂಬ ಹುಮ್ಮಸ್ಸಿನಲ್ಲಿ ಅವನು ಇನ್ನೊಂದು ರಾಜ್ಯವನ್ನು ತಂದಿದ್ದಾನೆ. 2000ದಲ್ಲಿ ನ್ಯೂ ಹ್ಯಾಂಪ್‌ಷೈರನ್ನು ಬುಷ್ ಗೆದ್ದದ್ದು 7,211 ಮತಗಳಿಂದ, ಅಲ್ಲಿ ನೇಡರ್ ಅವರಿಗೆ 22,198. ಆ ನಾಲ್ಕು ಎಲೆಕ್ಟೋರಲ್ ಮತಗಳು ಬಂದಿದ್ದರೆ ಫ್ಲಾರಿಡಾ ಇಲ್ಲದೆಯೂ ಗೋರ್ ಅಧ್ಯಕ್ಷರಾಗುತ್ತಿದ್ದರು, ಆದ್ದರಿಂದ ನೇಡರ್ ಎರಡು ಸಲ ತಪ್ಪಿತಸ್ಥರು ಎಂಬುದು ಅವನ ಈಗಿನ ವಾದ.

ಗಣಿತದ ಮೇಷ್ಟ್ರು:

ಎಲೆಕ್ಟೋರಲ್ ಲೆಕ್ಕ ಸರಿಯಾಗಿದೆ: ಬುಷ್ ಅವರ 271ರಿಂದ ನಾಲ್ಕು ಕಳೆದರೆ 267. ಆದರೆ ಫ್ಲಾರಿಡಾದ 60–40 ಅನುಪಾತವನ್ನು ಇಲ್ಲಿಗೂ ಅನ್ವಯಿಸಲಿ. ನೇಡರ್ ಅವರ 22,198 ಮತದಾರರಲ್ಲಿ ಒಬ್ಬರೂ ತಪ್ಪದೆ ಮತಗಟ್ಟೆಗೆ ಬಂದಿದ್ದರೂ ಗೋರ್ ಅವರಿಗೆ ಸಿಗುತ್ತಿದ್ದ ನಿವ್ವಳ ಲಾಭ ಸುಮಾರು 4,440. ಇನ್ನೂ 2,771 ಮತಗಳ ಕೊರತೆ. ಎಲ್ಲರೂ ಬಂದು, ಅವರಲ್ಲಿ ಮೂರರಲ್ಲಿ ಇಬ್ಬರು ಗೋರ್ ಅವರನ್ನೇ ಆರಿಸಿದ್ದರೆ ಮಾತ್ರ ಆ ರಾಜ್ಯ ತಿರುಗುತ್ತಿತ್ತು. ನ್ಯೂ ಹ್ಯಾಂಪ್‌ಷೈರಿನ ನೇಡರ್ ಮತದಾರರು ಫ್ಲಾರಿಡಾದವರಿಗಿಂತ ಅಷ್ಟು ಹೆಚ್ಚು ಗೋರ್ ಪರವಾಗಿದ್ದರೆಂಬುದಕ್ಕೆ ಆಧಾರ ತರುವ ಹೊಣೆ ಈಗ ನಿಮ್ಮ ತಮ್ಮನದು.